ನಲವತ್ತೊಂದನೇ ನಂಬರಿನ ದನಿ

ಆಕೆ ಇಪ್ಪತ್ತೆರಡು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದವಳು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ತಿರುಗುವ ಕುರ್ಚಿ, ಕಿವಿಗೆ ಹೆಡ್‌ಫೋನು, ಎದುರಿಗೆ ಮಿಣುಕುವ ದೀಪಗಳ ಸಾಲು. ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಜನರ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಆದರೆ ಅವರ 'ಹಲೋ' ಕೇಳಿದರೆ ಸಾಕು, ಯಾರು, ಊಟ ಆಗಿದೆಯೋ ಇಲ್ಲವೋ, ಮನೆಯಲ್ಲಿ ಜಗಳವಾಡಿ ಬಂದಿದ್ದಾರೋ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದಳು. ಒಮ್ಮೆ ಹೃದಯದ ಡಾಕ್ಟರೊಬ್ಬರಿಗೆ, "ಸಾರ್, ನಿಮ್ಮ ದನಿ ಸರಿಯಿಲ್ಲ, ಒಂದ್ಸಲ ನೀವೇ ತೋರಿಸ್ಕೊಳ್ಳಿ" ಎಂದು ಹೇಳಿ ಬೈಸಿಕೊಂಡಿದ್ದಳು. ಆ ಡಾಕ್ಟರು ಮರುದಿನವೇ ತಮ್ಮದೇ ವಾರ್ಡಿನಲ್ಲಿ ಮಲಗಿದರು. ಅಂದಿನಿಂದ ಅವಳ ಕಿವಿಯ ಬಗ್ಗೆ ಆಸ್ಪತ್ರೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಆಮೇಲೆ ಮೆಷೀನು ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳುವ ಮೆಷೀನು. ಅವಳಿಗೆ ಹೂಗುಚ್ಛ ಕೊಟ್ಟು ಕಳಿಸಿದರು. ವಯಸ್ಸು ನಲವತ್ತೇಳು, ಮದುವೆಯಾಗಿರಲಿಲ್ಲ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ತಂಗಿಯ ಜೊತೆ ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದಳು. ಆರು ತಿಂಗಳು ಕೈ ಕಟ್ಟಿ ಕೂತು ಬೇಸತ್ತು, ಒಂದು ದಿನ ವಿಶ್ವವಿದ್ಯಾಲಯಕ್ಕೆ ಹೋಗಿ ಇತಿಹಾಸದ ಪದವಿಗೆ ಅರ್ಜಿ ತುಂಬಿ ಬಂದಳು.

ತಂಗಿ ಬಿದ್ದು ಬಿದ್ದು ನಕ್ಕಳು. ಆದರೆ ಮೊದಲ ದಿನ ಡಬ್ಬಿ ಕಟ್ಟಿ ಕೈಗಿಟ್ಟವಳೂ ಅವಳೇ. "ಅಳಬೇಡ ಅಕ್ಕ. ಯಾರಾದ್ರೂ ಪೆನ್ಸಿಲ್ ಕಿತ್ಕೊಂಡ್ರೆ ಬಂದು ನಂಗೆ ಹೇಳು."

"ನಿನ್ನ ಹಲ್ಲು ಕೀಳೋ ಇಕ್ಕಳ ಕೊಟ್ಟಿರು, ನಾನೇ ನೋಡ್ಕೋತೀನಿ" ಎಂದು ಅಕ್ಕ ಹೊರಟಳು.

ಮಾತೇನೋ ಜೋರಾಗಿತ್ತು. ಆದರೆ ಪಾಠ ನಡೆಯುವ ಹಾಲಿನ ಬಾಗಿಲಲ್ಲಿ ನಿಂತಾಗ ಕಾಲು ಮುಂದೆ ಹೋಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಬೆಂಚುಗಳು, ಅಷ್ಟೂ ಬೆಂಚುಗಳಿಂದ ತನ್ನ ಕಡೆ ತಿರುಗಿದ ಮುಖಗಳು. ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿದವಳಿಗೆ ಮೈಮೇಲೆ ಬೆಳಕು ಚೆಲ್ಲಿದ ಹಾಗಾಯಿತು. ಅದು ಹೇಗೋ ಮೂರನೇ ಸಾಲಿನವರೆಗೆ ನಡೆದು, ಫ್ಯಾನಿನ ಕೆಳಗಿನ ಜಾಗದಲ್ಲಿ ಕೂತಳು. ಪಕ್ಕದಲ್ಲಿದ್ದ ಹುಡುಗಿ ಎದ್ದು ನಿಂತು, "ನಮಸ್ತೆ ಮೇಡಂ" ಅಂದಳು. ಟೀಚರು ಅಂದುಕೊಂಡಿದ್ದಳು ಪಾಪ.

ಕೊನೆಗೆ ಸೇರಿದ್ದರಿಂದ ಅವಳದು ಕೊನೆಯ ನಂಬರು, ಐವತ್ತೆಂಟು. ಬೆಳಗಿನ ಮೊದಲ ಪಾಠದ ಮೇಷ್ಟ್ರು ರಿಜಿಸ್ಟರಿಗೆ ಮೂಗು ತಾಗಿಸಿ ಹಾಜರಿ ಕೂಗುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿತ್ತು. ಹುಡುಗರ ಮುಖ ನೋಡುವ ಅಭ್ಯಾಸ ಬಿಟ್ಟುಹೋಗಿತ್ತು. ಆ ಮೊದಲ ದಿನ ಎಲ್ಲರೂ ಪರಿಚಯ ಹೇಳಿಕೊಳ್ಳಿ ಎಂದರು. ಮೂವತ್ತರ ಹೊತ್ತಿಗೆ ಗಂಟೆಯಾಯಿತು. "ಸಾಕು. ಕೊನೆಯವರು ಒಬ್ರು ಹೇಳ್ಬಿಡಿ" ಎಂದರು. ಅವಳು ಎದ್ದು ಆಸ್ಪತ್ರೆಯ ಬೋರ್ಡಿನ ಕಥೆ ನಾಲ್ಕು ಮಾತಿನಲ್ಲಿ ಹೇಳಿದಳು. ಅಂದಿನಿಂದ ತರಗತಿಗೆ ಅವಳು 'ಆಪರೇಟರ್ ಅಕ್ಕ' ಆದಳು. ಯಾರಾದರೂ ಗೊರಕೆ ಹೊಡೆದರೆ, "ಅಕ್ಕ, ಯಾವ ಎಕ್ಸ್‌ಟೆನ್ಶನ್ನು?" ಎಂದು ಕೇಳುತ್ತಿದ್ದರು. ಅಣಕು ದನಿ ಮಾಡುವುದರಲ್ಲಿ ಹೆಸರಾದ ಒಬ್ಬ ಹುಡುಗ ಅವಳಂತೆಯೇ, "ದಯವಿಟ್ಟು ಲೈನಿನಲ್ಲಿರಿ" ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ನಗದಿದ್ದರೆ ಆ ಬೆಂಚುಗಳ ನಡುವೆ ಒಂದು ದಿನವೂ ಕಳೆಯುತ್ತಿರಲಿಲ್ಲ.

ಪಾಠ ತಲೆಗೆ ಹತ್ತುವುದು ನಿಧಾನವಾಯಿತು. ದನಿಗಳು ಮಾತ್ರ ಬೇಗ ಹತ್ತಿದವು. ಎರಡು ವಾರದಲ್ಲಿ ಕಣ್ಣು ಮುಚ್ಚಿಕೊಂಡು ಹಾಜರಿ ಕೇಳಿದರೆ ಯಾರು ಬಂದಿದ್ದಾರೆ, ಯಾರು ಇನ್ನೊಬ್ಬರ ಪರವಾಗಿ ಪ್ರಾಕ್ಸಿ ಹಾಕಿದರು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಒಂಬತ್ತು ಸದಾ ಬಾಯಲ್ಲಿ ಏನೋ ಅಗಿಯುತ್ತಿದ್ದ. ಇಪ್ಪತ್ತಾರು ರಾತ್ರಿ ನಿದ್ದೆಗೆಟ್ಟವಳು. ನಲವತ್ತೊಂದು ಮಾತ್ರ ಒಂದು ತೆಳು ದನಿ, ಹುಡುಗಿಯದು. "ಪ್ರೆಸೆಂಟ್ ಸರ್" ಎಂದು ಕೊನೆಯ ಅಕ್ಷರವನ್ನು ತುಸು ಮೇಲಕ್ಕೆತ್ತಿ ಹೇಳುವುದು. ಹಿಂದಿನಿಂದ, ಮೇಲಿನ ಸಾಲುಗಳ ಕಡೆಯಿಂದ ಬರುತ್ತಿತ್ತು. ಒಳ್ಳೆಯ ದನಿ, ಬೋರ್ಡಿಗೆ ಹೇಳಿ ಮಾಡಿಸಿದ ಹಾಗಿದೆ ಎಂದುಕೊಂಡಿದ್ದಳು.

ಚಳಿಗಾಲ ಬಂತು. ಊರಿಗೆ ಊರೇ ನೆಗಡಿ ಹಿಡಿದು ಕೂತಿತು. ತರಗತಿಯಲ್ಲಿ ಅರ್ಧ ಜನಕ್ಕೆ ಕೆಮ್ಮು, ಉಳಿದರ್ಧ ಮೂಗು ಕಟ್ಟಿದವರು. ಅವಳೇ ಮೂರು ದಿನ ಕಪ್ಪೆಯ ದನಿಯಲ್ಲಿ ಹಾಜರಿ ಹೇಳಿದಳು. ಮೇಷ್ಟ್ರ ದನಿಯೂ ಹರಿದುಹೋಗಿತ್ತು. ಅಂಥದ್ದೊಂದು ಬೆಳಿಗ್ಗೆ ಮೇಷ್ಟ್ರು "ನಲವತ್ತೊಂದು" ಎಂದರು. ಆ ದನಿ ತೆಳ್ಳಗೆ, ಸ್ವಚ್ಛವಾಗಿ, ಕೊನೆಯ ಅಕ್ಷರ ತುಸು ಮೇಲಕ್ಕೆದ್ದು, "ಪ್ರೆಸೆಂಟ್ ಸರ್" ಎಂದಿತು.

ಅವಳ ಪೆನ್ನು ನಿಂತಿತು.

ನೆಗಡಿ ಆಗದಿರಬಹುದು, ಅದೇನೂ ದೊಡ್ಡ ಮಾತಲ್ಲ. ಆದರೆ ಮನುಷ್ಯರ ದನಿ ಎರಡು ದಿನ ಒಂದೇ ಹಾಗಿರುವುದಿಲ್ಲ. ಓಡಿ ಬಂದರೆ ಏದುತ್ತದೆ, ಹಸಿದರೆ ಸೊರಗುತ್ತದೆ, ಬೈಸಿಕೊಂಡು ಬಂದರೆ ಒಳಗೇ ಉಳಿಯುತ್ತದೆ. ಇದು ನಿನ್ನೆ ಹೇಗಿತ್ತೋ ಹಾಗೆ ಇತ್ತು. ಹೋದ ತಿಂಗಳು ಹೇಗಿತ್ತೋ ಹಾಗೇ ಇತ್ತು. ಅದರಲ್ಲಿ ಉಸಿರಿನ ಸದ್ದೇ ಇರಲಿಲ್ಲ.

ಮರುದಿನ ನಲವತ್ತರ ಸರದಿ ಮುಗಿದ ಕೂಡಲೇ ಹಿಂದೆ ತಿರುಗಿದಳು. ದನಿ ಬಂತು. ಒಂದು ತುಟಿಯೂ ಅಲುಗಲಿಲ್ಲ.

ಪಾಠ ಮುಗಿದ ಮೇಲೆ ಪಕ್ಕದ ಹುಡುಗಿಯನ್ನು ಕೇಳಿದಳು. "ನಲವತ್ತೊಂದು ಯಾರಮ್ಮ?"

"ಹಿಂದೆ ಕೂರ್ತಾಳಲ್ಲ ಅಕ್ಕ, ಕನ್ನಡಕದವಳು."

ಹಿಂದಿನ ಸಾಲಿನವರನ್ನು ಕೇಳಿದಳು. "ಅವಳಾ? ಮುಂದೆ ಎಲ್ಲೋ ಕೂರ್ತಾಳೆ. ಉದ್ದ ಜಡೆ." ಅಣಕು ಹುಡುಗ ಸ್ವಲ್ಪ ಯೋಚಿಸಿ, "ತುಂಬಾ ಒಳ್ಳೆಯವಳು ಅಕ್ಕ, ನಂಗೆ ಒಂದ್ಸಲ ನೋಟ್ಸ್ ಕೊಟ್ಟಿದ್ಲು" ಎಂದ. ಯಾವಾಗ, ಎಲ್ಲಿ ಎಂದು ಕೇಳಿದರೆ ತಲೆ ಕೆರೆದುಕೊಂಡ. ಅದರ ಮಾರನೆಯ ಬೆಳಿಗ್ಗೆ ಯಾವ ನಂಬರೂ ಖಾಲಿ ಹೋಗದ ದಿನ, ಪ್ರಾಕ್ಸಿಯೂ ಇರದ ದಿನ, ಅವಳು ತಲೆ ಎಣಿಸಿದಳು. ಐವತ್ತೇಳು. ಮತ್ತೆ ಎಣಿಸಿದಳು. ಐವತ್ತೇಳೇ.

ಮನೆಯಲ್ಲಿ ಹೇಳಿದರೆ ತಂಗಿ, "ನಿಂಗೆ ಕೆಲಸ ಇಲ್ಲ. ಪರೀಕ್ಷೆಗೆ ಓದ್ಕೋ" ಎಂದಳು. ಆದರೆ ಆ ದಿನ ಅವಳೂ ದೀಪ ಹಚ್ಚುವ ಮೊದಲೇ ಬಾಗಿಲ ಚಿಲಕ ಹಾಕಿದಳು.

ವಿಭಾಗದ ನೋಟಿಸ್ ಬೋರ್ಡಿನಲ್ಲಿ ಎಲ್ಲರ ನಂಬರು, ಮನೆಯ ಫೋನು ಬರೆದ ಪಟ್ಟಿ ಅಂಟಿಸಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ, ವರಾಂಡದ ಕಂಬಕ್ಕೆ ಒರಗಿ, ನಲವತ್ತೊಂದರ ಮನೆಗೆ ಫೋನು ಮಾಡಿದಳು. ಫೋನು ಮಾಡುವುದಕ್ಕೆ ಅವಳಿಗೆ ಭಯವಾದದ್ದು ಅದೇ ಮೊದಲು.

ಒಬ್ಬ ಹೆಂಗಸು ಎತ್ತಿದರು. ಮೊದಲ ಮಾತಿನಲ್ಲೇ ಗೊತ್ತಾಯಿತು, ಆ ತೆಳು ದನಿ ಹುಟ್ಟಿದ್ದು ಈ ಗಂಟಲಿನಿಂದ. ತಾಯಿ.

"ಮಗಳು ಇದಾಳಾ ಅಮ್ಮ?"

"ಕಾಲೇಜಿಗೆ ಹೋಗಿದಾಳಲ್ಲ. ಸಂಜೆ ಐದಕ್ಕೆ ಬರ್ತಾಳೆ. ನೀವು ಯಾರು?"

"ಅವಳ ಕ್ಲಾಸಿನವಳೇ."

ಆ ಕಡೆಯ ದನಿ ಅರಳಿತು. "ಅಯ್ಯೋ, ಆಪರೇಟರ್ ಅಕ್ಕ ಅಲ್ವಾ ನೀವು? ದನಿಯಲ್ಲೇ ಗೊತ್ತಾಯ್ತು ನೋಡಿ. ನಮ್ಮನೇಲಿ ದಿನಾ ನಿಮ್ಮದೇ ಮಾತು. ಮೂರನೇ ಸಾಲು, ಫ್ಯಾನ್ ಕೆಳಗೆ, ನೀಲಿ ಶಾಲು. ನೆಗಡಿ ಕಮ್ಮಿ ಆಯ್ತಾ? ನಿಮ್ಮ ತಂಗಿ ಹೇಗಿದಾರೆ?"

"ಕಮ್ಮಿ ಆಯ್ತು" ಎಂದಷ್ಟೇ ಹೇಳಿ ಫೋನು ಇಟ್ಟಳು. ವರಾಂಡದಲ್ಲಿ ಹುಡುಗರು ಗಲಗಲ ಮಾತಾಡುತ್ತ ಓಡಾಡುತ್ತಿದ್ದರು. ಅವಳು ಭುಜದ ಮೇಲಿದ್ದ ನೀಲಿ ಶಾಲನ್ನು ತೆಗೆದು, ಮಡಚಿ, ಚೀಲದೊಳಗೆ ಹಾಕಿಕೊಂಡಳು.

ಆ ಮಧ್ಯಾಹ್ನದ ಪಾಠವಿಡೀ ಕುತ್ತಿಗೆಯ ಹಿಂಭಾಗ ತಣ್ಣಗಾಗಿತ್ತು. ಯಾರೋ ನೋಡುತ್ತಿದ್ದಾರೆ ಎಂಬುದು ಈಗ ಊಹೆಯಾಗಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ, ತಾನೊಬ್ಬಳೇ ಹಾಲಿನ ಮಧ್ಯೆ ನಿಂತು ಹಿಂದಿನ ಗೋಡೆಯನ್ನು ನೋಡಿದಳು. ಕೊನೆಯ ಬೆಂಚಿಗಿಂತ ಮೇಲೆ, ಸೂರಿನ ಹತ್ತಿರ, ಅಂಗೈಯಷ್ಟಗಲದ ಎರಡು ಚೌಕ ಕಿಂಡಿ. ಆರು ತಿಂಗಳು ಅದೇ ಹಾಲಿನಲ್ಲಿ ಕೂತಿದ್ದರೂ ಒಮ್ಮೆಯೂ ಕಂಡಿರಲಿಲ್ಲ.

ವಿಭಾಗದ ಜವಾನರನ್ನು ಕೇಳಿದಳು.

"ಅದಾ? ಹಿಂದೆ ಅಲ್ಲಿಂದ ಸಿನಿಮಾ ತೋರಿಸ್ತಿದ್ರಂತೆ ಮೇಡಂ. ಈಗ ಏನೂ ಇಲ್ಲ, ಧೂಳು, ಪಾರಿವಾಳ. ನಾನು ಕೆಲಸಕ್ಕೆ ಸೇರಿದಾಗಿಂದ ಬೀಗ ತೆಗೆದಿದ್ದು ನೋಡಿಲ್ಲ."

"ಕೀಲಿ?"

"ಬೀಗಾನೇ ತೆಗೀದೆ ಇರೋವಾಗ ಕೀಲಿ ಯಾರಿಗೆ ಬೇಕು ಮೇಡಂ?"

ಮರುದಿನ ಮೊದಲ ಗಂಟೆಗೆ ಇನ್ನೂ ಕಾಲು ತಾಸಿರುವಾಗ ಅವಳು ಕಟ್ಟಡದ ಹಿಂದಿನ ಕಬ್ಬಿಣದ ಏಣಿಮೆಟ್ಟಿಲು ಹತ್ತಿದಳು. ಬೀಗ ತುಕ್ಕು ಹಿಡಿದು ಹಾಗೇ ನೇತಾಡುತ್ತಿತ್ತು. ಆದರೆ ಅದನ್ನು ಹಿಡಿದಿದ್ದ ಕೊಂಡಿ ಚೌಕಟ್ಟಿನಿಂದ ಕಿತ್ತು ಬಂದಿತ್ತು. ಬಾಗಿಲು ತಳ್ಳಿದಳು. ಅದು ನೆಲಕ್ಕೆ ಉಜ್ಜಿ ಕಿರ್ರೆಂದಿತು.

"ಎತ್ತಿ ತಳ್ಳಬೇಕು ಅಕ್ಕ. ಇಲ್ಲಾಂದ್ರೆ ಸದ್ದಾಗುತ್ತೆ" ಎಂದಿತು ಒಳಗಿನಿಂದ ಒಂದು ದನಿ.

ಕೋಣೆ ಎರಡು ಮಂಚ ಹಿಡಿಸುವಷ್ಟಿತ್ತು. ಕಿಂಡಿಗಳಿಂದ ಬಿದ್ದ ಎರಡು ಚೌಕ ಬೆಳಕಿನ ನಡುವೆ, ಮಗುಚಿ ಹಾಕಿದ ತಗಡಿನ ಪೆಟ್ಟಿಗೆಯ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ಹದಿನೆಂಟು ವರ್ಷವಿರಬಹುದು. ಜಡೆಯಿಲ್ಲ, ಕನ್ನಡಕವಿಲ್ಲ. ತೊಡೆಯ ಮೇಲೆ ನೋಟ್‌ಬುಕ್ಕು, ಮೂಲೆಯಲ್ಲಿ ಡಬ್ಬಿ, ನೀರಿನ ಬಾಟಲಿ. ಹೊದ್ದುಕೊಂಡದ್ದು ನೀಲಿ ಶಾಲು. ಆಪರೇಟರ್ ಅಕ್ಕನ ಶಾಲಿನದೇ ನೀಲಿ.

ಹುಡುಗಿ ಬೆಚ್ಚಲಿಲ್ಲ. ಹಳೆಯ ಗೆಳತಿ ತಡವಾಗಿ ಬಂದಳು ಎನ್ನುವ ಹಾಗೆ ಪಕ್ಕಕ್ಕೆ ಸರಿದು ಪೆಟ್ಟಿಗೆಯ ಮೇಲೆ ಜಾಗ ಮಾಡಿದಳು. ಅವಳು ಕೂತಳು. "ಯಾವಾಗಿಂದ?" ಎಂದಳು.

"ಮೊದಲನೇ ದಿನದಿಂದ. ಐದು ನಿಮಿಷ ತಡ ಆಗಿತ್ತು. ಬಾಗಿಲು ತೆಗೆದೆ, ಅಷ್ಟೂ ಜನ ತಿರುಗಿ ನೋಡಿದ್ರು. ನಂಗೆ ಆಗ್ಲಿಲ್ಲ. ವಾಪಸ್ ಮನೆಗೆ ಹೋದ್ರೆ ಅಮ್ಮ ಏನಂತಾಳೆ? ಸುತ್ತು ಹಾಕಿ ಬಂದೆ, ಈ ಮೆಟ್ಟಿಲು ಸಿಕ್ತು. ಇಲ್ಲಿಂದ ಎಲ್ಲಾ ಕೇಳ್ಸುತ್ತೆ. ಮೇಷ್ಟ್ರು ನನ್ನ ನಂಬರು ಕೂಗಿದ್ರು, ಕಿಂಡಿಗೆ ಬಾಯಿಟ್ಟು ಪ್ರೆಸೆಂಟ್ ಅಂದೆ. ಟಿಕ್ ಹಾಕಿದ್ರು. ನಾಳೆ ಒಳಗೆ ಹೋಗೋಣ ಅಂದ್ಕೊಂಡೆ. ನಾಳೆ ಆಯ್ತು, ನಾಡಿದ್ದು ಆಯ್ತು. ಆಮೇಲೆ ಹೇಗೆ ಹೋಗ್ಲಿ ಅಕ್ಕ? ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಲ್ವಾ?"

ಮಾತಿನ ಮಧ್ಯೆ ಮಧ್ಯೆ ಹುಡುಗಿ ಕೆಮ್ಮುತ್ತಿದ್ದಳು. ಆಗಲೇ ಅವಳು ಗಮನಿಸಿದ್ದು. ಹುಡುಗಿಯ ಗಂಟಲು ಕಟ್ಟಿಹೋಗಿತ್ತು. ವಾರದ ನೆಗಡಿ, ಒಡೆದ ದನಿ.

"ನಿನ್ನೆ ನೀನು ಹಾಜರಿ ಹೇಳಿದ ದನಿ ಹೀಗಿರಲಿಲ್ಲ."

"ನಿನ್ನೆ ನಾನು ಹೇಳ್ಲಿಲ್ಲ." ಹುಡುಗಿ ನೋಟ್‌ಬುಕ್ಕಿನ ಅಂಚು ಮಡಚುತ್ತ ಹೇಳಿದಳು. "ಮಳೆ ನಿಂತಾಗಿಂದ ಹೇಳ್ತಾನೇ ಇಲ್ಲ. ನಾಲ್ಕು ತಿಂಗಳಾಯ್ತು. ಸುಮ್ಮನಿದ್ರೆ ಆಬ್ಸೆಂಟ್ ಹಾಕ್ತಾರೆ, ಯಾರಾದ್ರೂ ಹುಡುಕ್ತಾರೆ ಅಂದ್ಕೊಂಡೆ. ಯಾರೂ ಹುಡುಕ್ಲಿಲ್ಲ."

"ನಾನು ದಿನಾ ಕೇಳಿದೀನಿ."

"ನೀವೂ ಕೇಳಿದ್ರಾ?" ಎಂದು ಹುಡುಗಿ ಮೊದಲ ಸಲ ಅವಳ ಮುಖ ನೋಡಿದಳು. "ನಿಮಗಾದ್ರೂ ಗೊತ್ತಾಗುತ್ತೆ ಅಂತ ನಂಬಿದ್ದೆ."

ಆ ಮಾತು ಅವಳ ಎದೆಗೆ ನಾಟಿತು. ಜಂಬಪಡುವುದಕ್ಕೆ ಅವಳ ಹತ್ತಿರ ಇದ್ದದ್ದು ಒಂದು ಕಿವಿ. ಬಾರದ ದನಿಯನ್ನು ನಾಲ್ಕು ತಿಂಗಳು ಬಂತು ಎಂದು ಅದೇ ಕಿವಿ ಹೇಳಿತ್ತು. ಆಸ್ಪತ್ರೆಯಲ್ಲಿ ಎಷ್ಟೋ ಸಲ, ತೀರಿಹೋದ ಡಾಕ್ಟರರ ಎಕ್ಸ್‌ಟೆನ್ಶನ್ನಿಗೆ ತಪ್ಪಿ ಲೈನು ಕೊಟ್ಟಾಗ, ಖಾಲಿ ತಂತಿಯಲ್ಲಿ ಅವರ 'ಹಲೋ' ಕೇಳಿದಂತಾಗುತ್ತಿತ್ತು. ರೂಢಿ, ಅಷ್ಟೇ ಎಂದು ಅಂದು ತಲೆ ಕೊಡವಿಕೊಂಡಿದ್ದಳು. ಇದೂ ಅದೇ ಇರಬಹುದು. ಆದರೆ ಐವತ್ತೇಳು ಜನರಿಗೂ ಒಂದೇ ರೂಢಿಯೇ?

ಕೆಳಗೆ ಗಂಟೆ ಹೊಡೆಯಿತು. ಬೆಂಚುಗಳ ಸದ್ದು, ಮೇಷ್ಟ್ರ ಕೆಮ್ಮು. ಹಾಜರಿ ಶುರುವಾಯಿತು. ಇಬ್ಬರೂ ಒಂದೊಂದು ಕಿಂಡಿಗೆ ಮುಖವಿಟ್ಟರು. ಮೇಲಿನಿಂದ ಕಾಣುತ್ತಿದ್ದದ್ದು ತಲೆಗಳು ಮಾತ್ರ, ಕಪ್ಪಗೆ, ಸಾಲು ಸಾಲಾಗಿ. ಹುಡುಗಿ ಅವಳ ಕೈ ಹಿಡಿದುಕೊಂಡಳು. ಬೆರಳು ಮಂಜಿನಂತೆ ತಣ್ಣಗಿದ್ದವು.

"ನಲವತ್ತೊಂದು."

ಹುಡುಗಿಯ ತುಟಿ ಬಿಗಿದಿತ್ತು. ಹಾಲಿನಲ್ಲಿ ಯಾವ ದನಿಯೂ ಏಳಲಿಲ್ಲ. ಒಂದು ಉತ್ತರ ಹಿಡಿಯುವಷ್ಟು ಹೊತ್ತು ಮೇಷ್ಟ್ರು ತಡೆದರು. ಟಿಕ್ ಹಾಕಿದರು. ನಲವತ್ತೆರಡು ಎಂದರು. ಒಬ್ಬರೂ ತಲೆಯೆತ್ತಲಿಲ್ಲ.

ಸದ್ಯ, ದನಿ ಇರಲಿಲ್ಲವಲ್ಲ ಎಂದು ಅವಳು ಉಸಿರು ಬಿಟ್ಟಳು. ಐವತ್ತು ದಾಟಿತು. ಐವತ್ತೈದು. ಐವತ್ತಾರು. ಐವತ್ತೇಳು.

"ಐವತ್ತೆಂಟು."

"ಪ್ರೆಸೆಂಟ್ ಸರ್."

ಅದು ಅವಳ ದನಿ. ಮೂರನೇ ಸಾಲಿನಿಂದ, ಫ್ಯಾನಿನ ಕೆಳಗಿನ ಖಾಲಿ ಜಾಗದ ಕಡೆಯಿಂದ ಬಂತು. ಇಪ್ಪತ್ತೆರಡು ವರ್ಷ ಹೆಡ್‌ಫೋನಿನಲ್ಲಿ ತಾನೇ ಕೇಳಿಸಿಕೊಂಡ ದನಿ, ಅದರ ತಿರುವು, ಅದರ ಅತಿ ವಿನಯ, ಎಲ್ಲವೂ. ಆ ಜಾಗದ ಪಕ್ಕದ ಹುಡುಗಿ ತಿರುಗಿಯೂ ನೋಡದೆ ಪುಸ್ತಕ ತೆರೆಯುತ್ತಿದ್ದಳು. ಮೇಷ್ಟ್ರು ಟಿಕ್ ಹಾಕಿ ರಿಜಿಸ್ಟರು ಮುಚ್ಚಿದರು.

ಅವಳು ಎದ್ದ ರಭಸಕ್ಕೆ ತಗಡಿನ ಪೆಟ್ಟಿಗೆ ಉರುಳಿತು. "ಏಳು" ಎಂದಳು.

"ಅಕ್ಕ, ಬೇಡ."

"ಏಳಮ್ಮ. ಇಲ್ಲಿ ಇನ್ನೊಂದು ನಿಮಿಷ ಕೂತ್ರೆ ನಾವಿಬ್ರೂ ಅಲ್ಲೇ ಇದ್ದೀವಿ ಅಂತ ನಂಗೂ ನಂಬಿಕೆ ಬಂದ್ಬಿಡುತ್ತೆ."

ಕೈ ಬಿಡದೆ ಮೆಟ್ಟಿಲಿಳಿದು, ಕಟ್ಟಡ ಸುತ್ತಿ, ಮುಂಬಾಗಿಲಿಗೆ ಬಂದಳು. ಬಾಗಿಲು ತಳ್ಳಿದಳು. ಅಷ್ಟೂ ಮುಖಗಳು ತಿರುಗಿದವು.

"ಸರ್, ನಲವತ್ತೊಂದು, ಐವತ್ತೆಂಟು. ಇಬ್ಬರೂ ಈಗ ಬಂದ್ವಿ."

ಮೇಷ್ಟ್ರು ಕನ್ನಡಕ ಏರಿಸಿದರು. "ಹಾಜರಿ ಹಾಕಿ ಆಗಿದೆಯಲ್ಲಮ್ಮ?"

"ಯಾರಿಗೆ ಹಾಕಿದ್ರಿ ಸರ್?"

ಮೂರನೇ ಸಾಲಿನ ಹುಡುಗಿ ತನ್ನ ಪಕ್ಕದ ಖಾಲಿ ಜಾಗವನ್ನು ನೋಡಿ, ಅಲ್ಲಿಂದ ಒಂದು ಗೇಣು ಆಚೆ ಸರಿದಳು. ಮೇಷ್ಟ್ರು ರಿಜಿಸ್ಟರು ತೆರೆದರು, ಎರಡು ನಂಬರುಗಳ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಕೊನೆಗೆ ಹುಡುಗಿಯನ್ನು ನೋಡಿದರು. ಆ ವರ್ಷ ಅವರು ಒಬ್ಬರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ ಇರಬೇಕು.

"ನೀನೇನಾ ನಲವತ್ತೊಂದು?"

"ಹೌದು ಸರ್" ಎಂದಳು ಹುಡುಗಿ, ಒಡೆದ ದನಿಯಲ್ಲಿ. "ಇವತ್ತು ತಡ ಆಯ್ತು. ಆಬ್ಸೆಂಟ್ ಹಾಕಿ ಸರ್."

ಮೇಷ್ಟ್ರು ಟಿಕ್ ಹೊಡೆದುಹಾಕಿ ಆಬ್ಸೆಂಟ್ ಬರೆದರು. ಹುಡುಗಿ ಅದನ್ನು ಬಗ್ಗಿ ನೋಡಿದಳು. ಅವಳ ಮುಖಕ್ಕೆ ಕಳೆ ಬಂತು.

ಬಿಡುವಿನಲ್ಲಿ ಆಪರೇಟರ್ ಅಕ್ಕ ಅಣಕು ಹುಡುಗನನ್ನು ಕಂಬದ ಹತ್ತಿರ ಹಿಡಿದಳು. "ನನ್ನ ಪ್ರಾಕ್ಸಿ ಹಾಕಿದ್ದು ನೀನೇ ತಾನೇ? ಬೈಯಲ್ಲ, ಹೇಳು."

"ನಾನು ಈಗ ತಾನೇ ಬಂದೆ ಅಕ್ಕ" ಎಂದ ಅವನು. "ಬಸ್ಸು ಸಿಗ್ಲಿಲ್ಲ. ಯಾಕೆ, ನಂದೂ ಯಾರಾದ್ರೂ ಹಾಕಿದ್ರಾ?"

ಹಾಕಿದ್ದರು. ಅವನ ನಂಬರು ಹದಿನೇಳು, ಆ ದನಿಯನ್ನೂ ಆ ಬೆಳಿಗ್ಗೆ ಅವಳು ಕೇಳಿದ್ದಳು.

ಯಾರ ಕೆಲಸ ಅದು ಎಂದು ಕೊನೆಗೂ ತಿಳಿಯಲಿಲ್ಲ. ಯಾರೂ ಒಪ್ಪಿಕೊಳ್ಳಲಿಲ್ಲ. ಅವಳೂ ಮತ್ತೆ ಕೆದಕಲಿಲ್ಲ. ಮರುದಿನದಿಂದ ಮೇಷ್ಟ್ರು ನಂಬರು ಕೂಗಿ, ಕನ್ನಡಕದ ಮೇಲಿಂದ ಮುಖ ನೋಡಿ ಟಿಕ್ ಹಾಕತೊಡಗಿದರು. ಹಾಜರಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಜವಾನರು ಹೊಸ ಕೊಂಡಿ ತಂದು ಮೇಲಿನ ಬಾಗಿಲಿಗೆ ಹೊಡೆದರು. ಹುಡುಗಿ ಮೊದಲ ವಾರ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತಳು. ನಾಲ್ಕು ದಿನ ಮಧ್ಯದಲ್ಲೇ ಎದ್ದು ಹೊರಗೆ ಹೋದಳು, ಆದರೆ ನಾಲ್ಕು ದಿನವೂ ವಾಪಸ್ ಬಂದಳು. ಪರೀಕ್ಷೆಯಲ್ಲಿ ಅವಳು ಎಲ್ಲದರಲ್ಲೂ ಪಾಸಾದಳು. ಆರು ತಿಂಗಳು ಬೇರೇನೂ ಕಾಣದೆ ಪಾಠವನ್ನೇ ಕೇಳಿದವಳಲ್ಲವೇ. ಆಪರೇಟರ್ ಅಕ್ಕ ಅರ್ಥಶಾಸ್ತ್ರದಲ್ಲಿ ನಪಾಸಾದಳು. ತಂಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ತಾನೇ ಕೂತು ಪ್ರಶ್ನೆ ಕೇಳಿ ಓದಿಸಿದಳು.

ರಜೆಯಲ್ಲಿ ಒಂದು ಭಾನುವಾರ ಹುಡುಗಿಯ ತಾಯಿ ಊಟಕ್ಕೆ ಕರೆದರು. ಸಣ್ಣ ಮನೆ, ಒಗೆದ ಪರದೆಗಳು. ತಾಯಿ ಅವಳಿಗೆ ಕುರ್ಚಿ ತೋರಿಸಲಿಲ್ಲ, ಎಷ್ಟೋ ಸಲ ಬಂದವಳ ಹಾಗೆ ನೇರ ಅಡುಗೆಮನೆಗೆ ಕರೆದುಕೊಂಡು ಹೋದರು.

"ನಿಮಗೆ ಖಾರ ಆಗಲ್ಲ ಅಂತ ಇವಳು ಹೇಳಿದಾಳೆ, ಕಮ್ಮಿ ಹಾಕಿದೀನಿ. ಆವತ್ತು ಇವಳು ಬಸ್‌ಸ್ಟಾಪಿನಲ್ಲಿ ತಲೆ ತಿರುಗಿ ಬಿದ್ದಾಗ ನೀವು ಆಸ್ಪತ್ರೆಗೆ ಕರ್ಕೊಂಡು ಹೋಗಿ ಸಂಜೆವರೆಗೂ ಕೂತಿದ್ರಲ್ಲ, ಅದನ್ನ ನಾನು ಮರೆಯಲ್ಲ. ನಿಮ್ಮ ಹಳೇ ಆಸ್ಪತ್ರೆ ಅಲ್ವಾ ಅದು? ಎಲ್ಲರೂ ನಿಮ್ಮ ದನಿ ಕೇಳಿ ಎದ್ದು ಬಂದ್ರಂತೆ."

ಅಂಥದ್ದೊಂದು ನಡೆದೇ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಅವಳು ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ತಾಯಿ ಹೇಳುತ್ತ ಹೋದರು. ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತು ಓದಿದ್ದು, ಮಳೆಯಲ್ಲಿ ಒಂದೇ ಕೊಡೆಯಲ್ಲಿ ಬಂದದ್ದು, ಶಾಲು ಒಟ್ಟಿಗೆ ಹೋಗಿ ಆರಿಸಿದ್ದು. ತಾನಿಲ್ಲದೆ ತನ್ನ ಒಂದು ವರ್ಷ ಈ ಮನೆಯಲ್ಲಿ ಬಾಳಿ ಹೋಗಿತ್ತು. ಅದು ತಾನು ಬಾಳಿದ್ದಕ್ಕಿಂತ ಚೆನ್ನಾಗಿಯೂ ಇತ್ತು. ಹುಡುಗಿ ತಲೆ ತಗ್ಗಿಸಿ ತಟ್ಟೆ ಒರೆಸುತ್ತಿದ್ದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಆವತ್ತು ಇವಳಿಗೆ ಎಷ್ಟು ಜ್ವರ ಇತ್ತು ಹೇಳಿ, ಇವಳು ನಂಗೆ ಸರಿಯಾಗಿ ಹೇಳೋದೇ ಇಲ್ಲ" ಎಂದರು ತಾಯಿ.

ಅವಳು ಹುಡುಗಿಯ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು.

"ನೂರಾ ಎರಡು ಇತ್ತು" ಎಂದಳು. "ನಾನು ಹೆದರಿಬಿಟ್ಟಿದ್ದೆ."